ಬ್ರಾಡ್‌ಬ್ಯಾಂಡ್ ತಲುಪದ ಮನೆಗೆ ಇಂಟರ್‌ನೆಟ್: ಆಯ್ಕೆಯ ಮಾರ್ಗ

ಪುಣೆ ಜಿಲ್ಲೆಯ ಮುಳಶಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ ಹಿಂಜವಡಿ ಇದೆ. ದೇಶದ ಪ್ರಮುಖ ಮಾಹಿತಿ ತಂತ್ರಜ್ಞಾನ ಕೇಂದ್ರಗಳಲ್ಲೊಂದಾದ ರಾಜೀವ ಗಾಂಧಿ ಇನ್ಫೊಟೆಕ್ ಪಾರ್ಕ್ ಇರುವುದು ಅಲ್ಲಿಯೇ. ಅದೇ ತಾಲ್ಲೂಕಿನ ಪಶ್ಚಿಮದ ಕೊನೆಯಲ್ಲಿ ತಾಮ್ಹಿಣಿ ಘಟ್ಟವಿದೆ. ಎರಡರ ನಡುವಣ ಅಂತರ ಸುಮಾರು 50 ಕಿ.ಮೀ. ಮಾತ್ರ. ಒಂದು ತುದಿಯಲ್ಲಿ ಜಗತ್ತಿನ ನಾನಾ ದೇಶಗಳ ಗಣಕಯಂತ್ರಗಳೊಡನೆ ಹಗಲಿರುಳೂ ವ್ಯವಹರಿಸುವ ಕಚೇರಿಗಳು. ಇನ್ನೊಂದು ತುದಿಯಲ್ಲಿ ಫೈಬರ್ ತಂತಿ ಬಾಗಿಲಿಗೆ ಬಾರದ, ಮೊಬೈಲ್ ಸಂಕೇತವೂ ಮನೆಯ ಒಂದು ಮೂಲೆಯಲ್ಲಷ್ಟೇ ಸಿಗುವ ವಾಡಿಗಳು. ವೆಲ್ಹೆ, ಭೋರ್, ಮಾವಳ, ಜುನ್ನರ್ ತಾಲ್ಲೂಕುಗಳ ಘಟ್ಟದ ಮಗ್ಗುಲಿನಲ್ಲಿಯೂ ಇಂತಹ ಮನೆಗಳು ಉಂಟು. ಕರ್ನಾಟಕದ ಮಲೆನಾಡು, ಉತ್ತರ ಕನ್ನಡ, ಕೊಡಗು ಹಾಗೂ ಕಾಸರಗೋಡಿನ ಒಳನಾಡಿನ ಓದುಗರಿಗೆ ಈ ಸ್ಥಿತಿ ಅಪರಿಚಿತವೇನಲ್ಲ.

ಇಂತಹ ಮನೆಗಳಿಗೆ ಇಂಟರ್‌ನೆಟ್ ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಜಮೀನಿನ ಪಹಣಿ, ಪಿಂಚಣಿಯ ಜೀವಂತ ಪ್ರಮಾಣಪತ್ರ, ಇ-ಸಂಜೀವನಿಯ ಮೂಲಕ ವೈದ್ಯರ ಸಲಹೆ, ಪರೀಕ್ಷೆಯ ಅರ್ಜಿ ಇವೆಲ್ಲವೂ ಈಗ ಜಾಲದ ಮೂಲಕವೇ ನಡೆಯುತ್ತವೆ. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ಮಳೆಯ ನಡುವೆ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಛಾಯಾಚಿತ್ರವನ್ನು ದೇಶವೇ ನೋಡಿತು. ಸಂಕೇತ ಸಿಗುತ್ತಿದ್ದುದು ಅಲ್ಲಿ ಮಾತ್ರ. ಸಂಪರ್ಕದ ಆಯ್ಕೆಯಲ್ಲಿ ತಪ್ಪಿದರೆ ನಷ್ಟವಾಗುವುದು ಹಣವಷ್ಟೇ ಅಲ್ಲವೆಂಬುದಕ್ಕೆ ಆ ಚಿತ್ರವೊಂದೇ ಸಾಕು.

ಬ್ರಾಡ್‌ಬ್ಯಾಂಡ್ ಎಂದರೇನು?

ಈ ಪದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ವ್ಯಾಖ್ಯೆಯಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವುಳ್ಳ, ಸದಾ ಜೋಡಣೆಯಲ್ಲಿರುವ ಸಂಪರ್ಕವೇ ಬ್ರಾಡ್‌ಬ್ಯಾಂಡ್. 2013ರಲ್ಲಿ ಈ ಮಿತಿಯನ್ನು 512 ಕಿಲೋಬಿಟ್‌ಗೂ 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ಸಾರ್ವಜನಿಕ ಇಂಟರ್‌ನೆಟ್ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಮುಂಬಯಿ, ದೆಹಲಿ, ಕಲ್ಕತ್ತ ಮತ್ತು ಮದ್ರಾಸ್ ನಗರಗಳಲ್ಲಿ ಆರಂಭಿಸಿತು. ಬೆನ್ನಿಗೇ ಬೆಂಗಳೂರು ಮತ್ತು ಪುಣೆಗಳಿಗೂ ಅದು ವಿಸ್ತರಿಸಿತು. ಆ ದಿನಗಳಲ್ಲಿ ದೂರವಾಣಿ ತಂತಿಯ ಮೇಲೆ ಸೆಕೆಂಡಿಗೆ 9.6 ಕಿಲೋಬಿಟ್ ಸಿಕ್ಕರೆ ಬಳಕೆದಾರರು ಸಂತುಷ್ಟರಾಗಿರುತ್ತಿದ್ದರು. ಇಂದಿನ ಕನಿಷ್ಠ ಮಿತಿ ಅದರ ಇನ್ನೂರು ಪಟ್ಟಿಗೂ ಹೆಚ್ಚು.

ಈ ವ್ಯಾಖ್ಯೆಯಿಂದ ಗ್ರಾಹಕರಿಗೆ ನೇರ ಉಪಯೋಗವಿದೆ. ಒಂದು ಮನೆಯಲ್ಲಿ ಮೊಬೈಲ್ ಜಾಲದಿಂದ ದಿನದ ಎಲ್ಲ ವೇಳೆಯಲ್ಲಿಯೂ 2 ಮೆಗಾಬಿಟ್ ದೊರೆಯುವುದಾದರೆ, ತಂತಿ ಬಂದಿಲ್ಲವೆಂಬ ಕಾರಣಕ್ಕೆ ಆ ಮನೆ ಹಿಂದುಳಿದಿದೆ ಎನ್ನಲಾಗದು. ನಿಜವಾದ ಪ್ರಶ್ನೆ ತಂತಿಯದಲ್ಲ, ದೊರೆಯುವ ವೇಗ ಮತ್ತು ಅದರ ಸ್ಥಿರತೆಯದು.

ತಂತಿ ಏಕೆ ಬರುವುದಿಲ್ಲ?

ಇಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳನ್ನು ಪ್ರತ್ಯೇಕಿಸಿಕೊಳ್ಳಬೇಕು. ಮೊದಲನೆಯದು ನಗರದ ಅಂಚು. 2021ರಲ್ಲಿ ವಾಘೋಲಿ, ಸೂಸ್, ಮ್ಹಾಳುಂಗೆ, ಖಡಕವಾಸಲಾ ಮೊದಲಾದ 23 ಗ್ರಾಮಗಳು ಪುಣೆ ಮಹಾನಗರ ಪಾಲಿಕೆಗೆ ಸೇರಿದುವು. ಹೀಗೆ ಬೆಳೆಯುತ್ತಿರುವ ಬಡಾವಣೆಗಳಲ್ಲಿ ಕಟ್ಟಡ ಮೊದಲು ಏಳುತ್ತದೆ, ರಸ್ತೆ ನಂತರ, ತಂತಿ ಕೊನೆಗೆ. ಇಂತಹ ಕಡೆ ಕೊರತೆ ತಾತ್ಕಾಲಿಕ. ಕೆಲವು ತಿಂಗಳುಗಳಲ್ಲಿ ಫೈಬರ್ ಬರಬಹುದು. ಆದುದರಿಂದ ಅಲ್ಲಿ ದೀರ್ಘಾವಧಿಯ ಕರಾರಿಗೆ ಸಹಿ ಹಾಕುವುದು ಅಥವಾ ದುಬಾರಿ ಉಪಕರಣ ಕೊಳ್ಳುವುದು ಉಚಿತವಲ್ಲ.

ಎರಡನೆಯದು ಘಟ್ಟದ ಊರು. ಹಳೆಯ ತಾಮ್ರದ ದೂರವಾಣಿ ತಂತಿಯ ಮೇಲೆ ನಡೆಯುವ ಬ್ರಾಡ್‌ಬ್ಯಾಂಡ್ ವಿನಿಮಯ ಕೇಂದ್ರದಿಂದ ದೂರ ಸರಿದಂತೆ ಕ್ಷೀಣಿಸುತ್ತ 5 ಕಿ.ಮೀ. ಸುಮಾರಿಗೆ ನಿಂತೇ ಹೋಗುತ್ತಿತ್ತು. ಫೈಬರ್‌ಗೆ ಆ ಮಿತಿಯಿಲ್ಲ, ಆದರೆ ಬಂಡೆ ಕಡಿದು ಕಾಲುವೆ ತೋಡುವ ಖರ್ಚು ನಾಲ್ಕಾರು ಮನೆಗಳ ಮಾಸಿಕ ಶುಲ್ಕದಿಂದ ಹುಟ್ಟುವುದಿಲ್ಲ. ಹೀಗಾಗಿ ಖಾಸಗಿ ಸಂಸ್ಥೆಗಳು ಅಲ್ಲಿಗೆ ತಾವಾಗಿ ಹೋಗುವ ಸಂಭವ ಕಡಿಮೆ. ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿದುದೂ, ಭಾರತ್‌ನೆಟ್ ಎಂಬ ಹೆಸರಿನಲ್ಲಿ ಅದು ಮುಂದುವರಿದುದೂ, 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಕಾರ್ಯಕ್ರಮ ಮಂಜೂರಾದುದೂ ಈ ಕಾರಣದಿಂದಲೇ.

ಆದುದರಿಂದ ಘಟ್ಟದ ಊರಿನ ಕುಟುಂಬವು ಯಾವುದೇ ಅಂಗಡಿಗೆ ಹೋಗುವ ಮೊದಲು ಗ್ರಾಮ ಪಂಚಾಯಿತಿ ಕಚೇರಿಗೆ ಹೋಗುವುದು ಲೇಸು. ಪಂಚಾಯಿತಿಗೆ ಫೈಬರ್ ಬಂದಿದೆಯೆ? ಬಂದಿದ್ದರೆ ಅದು ಚಾಲನೆಯಲ್ಲಿದೆಯೆ? ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡುವ ಸ್ಥಳೀಯ ಉದ್ಯಮಿ ಯಾರು? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಸಾವಿರಾರು ರೂಪಾಯಿಗಳ ಉಪಕರಣ ಕೊಂಡವರು, ತಮ್ಮ ಮನೆಯಿಂದ ಅರ್ಧ ಕಿ.ಮೀ. ದೂರದಲ್ಲಿಯೇ ಫೈಬರ್ ಇತ್ತೆಂದು ಆಮೇಲೆ ಅರಿಯುವುದುಂಟು.

ಅಗತ್ಯದ ಲೆಕ್ಕ

ಆಯ್ಕೆಯ ಮೊದಲ ಮೆಟ್ಟಿಲು ಮನೆಯ ಅಗತ್ಯವನ್ನು ಅಂಕಿಗಳಲ್ಲಿ ಅಳೆಯುವುದು. ವೇಗವನ್ನು ಬಿಟ್‌ಗಳಲ್ಲಿಯೂ ಬಳಕೆಯನ್ನು ಬೈಟ್‌ಗಳಲ್ಲಿಯೂ ಹೇಳುವ ರೂಢಿಯಿದೆ. 8 ಬಿಟ್‌ಗಳು ಸೇರಿದರೆ 1 ಬೈಟ್. ಈ ಭೇದ ತಿಳಿಯದೆ ಜಾಹೀರಾತು ಓದುವವರು ಮೋಸ ಹೋಗುವ ಸಂಭವವಿದೆ.

ಒಬ್ಬ ವಿದ್ಯಾರ್ಥಿ ದಿನಕ್ಕೆ 3 ಗಂಟೆ ಚಿತ್ರಸಹಿತ ಪಾಠ ಕೇಳುತ್ತಾನೆಂದು ಭಾವಿಸೋಣ. ಸಾಧಾರಣ ಗುಣಮಟ್ಟದ ಚಿತ್ರಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಬೇಕಾದರೆ, ಒಂದು ಗಂಟೆಯ 3,600 ಸೆಕೆಂಡುಗಳಿಗೆ 3,600 ಮೆಗಾಬಿಟ್, ಅಂದರೆ 450 ಮೆಗಾಬೈಟ್ ಆಗುತ್ತದೆ. ಮೂರು ಗಂಟೆಗೆ 1,350 ಮೆಗಾಬೈಟ್. ದಿನಕ್ಕೆ 1.5 ಗಿಗಾಬೈಟ್ ಕೊಡುವ ಮೊಬೈಲ್ ಯೋಜನೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು; ತಂದೆಯ ವ್ಯವಹಾರಕ್ಕೂ ತಾಯಿಯ ದೂರವಾಣಿಗೂ ಏನೂ ಉಳಿಯುವುದಿಲ್ಲ.

ಮಿತಿ ಮುಗಿದ ಮೇಲೆ ಸಾಮಾನ್ಯವಾಗಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. 5 ಮೆಗಾಬೈಟ್‌ನ ಒಂದು ಅರ್ಜಿಪತ್ರವನ್ನು ಈ ವೇಗದಲ್ಲಿ ಕಳುಹಿಸಲು 10 ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಸರ್ಕಾರಿ ಜಾಲತಾಣಗಳು ಅಷ್ಟು ಹೊತ್ತು ಕಾಯದೆ ಅರ್ಜಿಯನ್ನು ಮುಚ್ಚಿಬಿಡುವುದೂ ಉಂಟು. ‘ಅನಿಯಮಿತ’ ಎಂಬ ಪದವನ್ನು ಕಂಡಾಗ ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಈ ಸಂಗತಿಯನ್ನು ಹುಡುಕತಕ್ಕದ್ದು.

ವೇಗವೊಂದನ್ನೇ ನೋಡಿದರೂ ಸಾಲದು. ಸಂದೇಶ ಹೋಗಿ ಉತ್ತರ ಬರುವ ವಿಳಂಬವೂ ಮುಖ್ಯ. ಪುಸ್ತಕವೊಂದನ್ನು ಇಳಿಸಿಕೊಳ್ಳುವವರಿಗೆ ಅರ್ಧ ಸೆಕೆಂಡಿನ ವಿಳಂಬ ತಿಳಿಯುವುದೇ ಇಲ್ಲ. ವೈದ್ಯರೊಡನೆ ಮುಖಾಮುಖಿ ಮಾತಾಡುವವರಿಗೆ ಅದು ಪ್ರತಿ ಮಾತಿಗೂ ತೊಡಕಾಗುತ್ತದೆ.

ಮೊಬೈಲ್ ಜಾಲ: ಬಹುತೇಕ ಮನೆಗಳ ಉತ್ತರ

ತಂತಿಯಿಲ್ಲದ ಹತ್ತರಲ್ಲಿ ಎಂಟು-ಒಂಬತ್ತು ಮನೆಗಳಿಗೆ ನಾಲ್ಕನೆಯ ಪೀಳಿಗೆಯ, ಅಂದರೆ 4ಜಿ, ಮೊಬೈಲ್ ಜಾಲವೇ ಮೊದಲ ಹಾಗೂ ಅಗ್ಗದ ಮಾರ್ಗವೆನ್ನಬಹುದು. ಆದರೆ ಇದರಲ್ಲಿ ಬಹಳ ಜನ ಕೈಯ ದೂರವಾಣಿಯ ಅನುಭವದಿಂದಲೇ ತೀರ್ಮಾನಕ್ಕೆ ಬರುತ್ತಾರೆ. ಹಾಸಿಗೆಯ ಕೋಣೆಯಲ್ಲಿ ಸಂಕೇತವಿಲ್ಲವೆಂದ ಮಾತ್ರಕ್ಕೆ ಮಾಳಿಗೆಯ ಮೇಲೆಯೂ ಇಲ್ಲವೆಂದಲ್ಲ.

ರೇಡಿಯೋ ಅಲೆಗಳು ಸ್ಥೂಲವಾಗಿ ನೇರ ರೇಖೆಯಲ್ಲಿ ಚಲಿಸುತ್ತವೆ. ಸಮುದ್ರ ಮಟ್ಟದಿಂದ 1,300 ಮೀಟರ್‌ಗೂ ಎತ್ತರದಲ್ಲಿರುವ ಸಿಂಹಗಡದ ನೆತ್ತಿಯ ಮೇಲೆ ದೂರದರ್ಶನದ ಪ್ರಸಾರ ಗೋಪುರವನ್ನು ನಿಲ್ಲಿಸಿದುದು ಇದಕ್ಕಾಗಿಯೇ. ಬೆಟ್ಟ ಅಡ್ಡ ಬಂದರೆ ಅಲೆ ತಡೆಯುತ್ತದೆ. ಇದೇ ತಡೆ ಕೆಲವರಿಗೆ ಅನುಕೂಲವೂ ಆಗಿದೆ: ಜುನ್ನರ್ ತಾಲ್ಲೂಕಿನ ಖೋಡದ್ ಬಳಿ 45 ಮೀಟರ್ ವ್ಯಾಸದ 30 ಬೋಗುಣಿಗಳುಳ್ಳ ಬೃಹತ್ ಮೀಟರ್‌ವೇವ್ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದಾಗ, ಮಾನವನಿರ್ಮಿತ ರೇಡಿಯೋ ಗದ್ದಲ ಅಲ್ಲಿ ಕಡಿಮೆಯೆಂಬುದು ಸ್ಥಳದ ಆಯ್ಕೆಗೆ ಒಂದು ಕಾರಣವಾಗಿತ್ತು. ಖಗೋಳಜ್ಞರು ಅರಸಿ ಬಂದ ಮೌನವೇ ಕಣಿವೆಯ ಗೃಹಸ್ಥರಿಗೆ ತೊಂದರೆ.

ಸಂಕೇತದ ಬಲವನ್ನು ದೂರವಾಣಿಯ ಕಡ್ಡಿಗಳಿಂದ ಅಳೆಯಬಾರದು. ಒಂದೊಂದು ತಯಾರಕರ ಕಡ್ಡಿ ಒಂದೊಂದು ಬಗೆ. ದೂರವಾಣಿಯ ವ್ಯವಸ್ಥಾ ವಿವರಗಳಲ್ಲಿ ‘ಡಿಬಿಎಂ’ ಎಂಬ ಮಾನದಲ್ಲಿ ಋಣಸಂಖ್ಯೆಯೊಂದು ಕಾಣುತ್ತದೆ. 4ಜಿ ಜಾಲದಲ್ಲಿ ಅದು ಮೈನಸ್ 90ಕ್ಕಿಂತ ಮೇಲಿದ್ದರೆ ಉತ್ತಮ, ಮೈನಸ್ 100ರ ಸುಮಾರಿಗೆ ಸಾಧಾರಣ, ಮೈನಸ್ 110ಕ್ಕಿಂತ ಕೆಳಗಿದ್ದರೆ ದುರ್ಬಲ. ಈ ಮಾನದಲ್ಲಿ 10ರ ಅಂತರವೆಂದರೆ ಹತ್ತು ಪಟ್ಟು. ಮೈನಸ್ 90 ಮತ್ತು ಮೈನಸ್ 110ರ ನಡುವಣ ವ್ಯತ್ಯಾಸ ನೂರು ಪಟ್ಟು. ಮನೆಯ ಒಳಗೆ, ಅಂಗಳದಲ್ಲಿ, ಮಾಳಿಗೆಯ ನಾಲ್ಕು ಮೂಲೆಗಳಲ್ಲಿ ಈ ಸಂಖ್ಯೆಯನ್ನು ಬರೆದುಕೊಂಡರೆ ಅರ್ಧ ಗಂಟೆಯ ಕೆಲಸದಲ್ಲಿ ಬಹಳಷ್ಟು ಸ್ಪಷ್ಟವಾಗುತ್ತದೆ. ಪಾನಶೇತ್, ವರಸಗಾಂವ್, ಮುಳಶಿ ಜಲಾಶಯಗಳ ದಡದ ಮನೆಗಳಲ್ಲಿ ನೀರಿನಾಚೆಯ ದೂರದ ಗೋಪುರ, ಗುಡ್ಡದ ಹಿಂದಿನ ಹತ್ತಿರದ ಗೋಪುರಕ್ಕಿಂತ ಚೆನ್ನಾಗಿ ಸಿಗುವ ಸಾಧ್ಯತೆಯಿದೆ. ನೋಟ ಬಯಲಾಗಿರುವ ದಿಕ್ಕನ್ನೇ ಮೊದಲು ಪರೀಕ್ಷಿಸಬೇಕು.

ಯಾವ ಸಂಸ್ಥೆಯ ಜಾಲ? ಊರಿನಲ್ಲಿ ಹೆಸರು ಮಾಡಿದ ಸಂಸ್ಥೆಯೇ ಮನೆಯ ಮಾಳಿಗೆಯಲ್ಲಿಯೂ ಉತ್ತಮವೆಂದು ಹೇಳಲಾಗದು. ಸಂಬಂಧಿಕರ, ನೆರೆಯವರ ದೂರವಾಣಿಗಳನ್ನು ಎರವಲು ಪಡೆದು ಪ್ರತಿಯೊಂದನ್ನೂ ಅದೇ ಸ್ಥಳದಲ್ಲಿ ಅಳೆಯುವುದು ಸುಲಭ ಪರೀಕ್ಷೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯೂ ತನ್ನ ಸೇವಾವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸತಕ್ಕದ್ದು. ನಕ್ಷೆಯನ್ನು ಮೊದಲ ಸೋಸುವಿಕೆಗೆ ಬಳಸಬಹುದು. ಕಣಿವೆಯ ತಿರುವುಗಳನ್ನು ಅದು ಪೂರ್ತಿಯಾಗಿ ಅರಿಯದು.

ವೇಗವನ್ನು ಟ್ರಾಯ್ ಒದಗಿಸಿರುವ ‘ಮೈಸ್ಪೀಡ್’ ತಂತ್ರಾಂಶದಿಂದ ಅಳೆಯಬಹುದು. ಬೆಳಗ್ಗೆ ಆರಕ್ಕೆ ಅಳೆದು ತೃಪ್ತರಾಗುವುದು ಸರಿಯಲ್ಲ. ಒಂದು ಗೋಪುರದ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಬಳಕೆದಾರರೂ ಹಂಚಿಕೊಳ್ಳುವುದರಿಂದ ರಾತ್ರಿ 8ರಿಂದ 10ರವರೆಗಿನ ವೇಗವೇ ನಿಜವಾದ ವೇಗ. ಘಟ್ಟದ ಪ್ರವಾಸಿ ತಾಣಗಳ ಬಳಿ ಇರುವವರು ಮಳೆಗಾಲದ ಒಂದು ಭಾನುವಾರವೂ ಅಳೆಯುವುದು ಒಳ್ಳೆಯದು. ಲೋಣಾವಳ, ತಾಮ್ಹಿಣಿಗಳ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿದ ದಿನ ಆ ಗೋಪುರಗಳೂ ತುಂಬಿರುತ್ತವೆ.

ಸಂಕೇತ ಮಾಳಿಗೆಯ ಮೇಲೆ ಇದ್ದು ಒಳಗೆ ಇಲ್ಲದಿದ್ದರೆ ಸಿಮ್ ಅಳವಡಿಸುವ ರೌಟರ್ ಪರಿಹಾರ. ಇದನ್ನು ಎತ್ತರದ ಕಿಟಕಿಯ ಬಳಿ ಇಟ್ಟು ಮನೆಯೊಳಗೆ ವೈ-ಫೈ ಹಂಚಬಹುದು. ಸಂಕೇತ ಇನ್ನೂ ಕ್ಷೀಣವಾಗಿದ್ದರೆ ಗೋಪುರದ ಕಡೆಗೆ ಮುಖ ಮಾಡಿದ ದಿಕ್ಕುಸೂಚಿ ಆಂಟೆನಾವನ್ನು ಜೋಡಿಸಬಹುದು. ಇಲ್ಲಿ ಒಂದು ಎಚ್ಚರ: ಆಂಟೆನಾದಿಂದ ರೌಟರ್‌ಗೆ ಬರುವ ತೆಳುವಾದ ಕೇಬಲ್ 10 ಮೀಟರ್ ಉದ್ದವಾದರೆ ಗಳಿಸಿದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲಿಯೇ ನಷ್ಟವಾಗುತ್ತದೆ. ಅದಕ್ಕಿಂತ ಮಾಳಿಗೆಯಲ್ಲಿಯೇ ಅಳವಡಿಸಬಲ್ಲ ಹೊರಾಂಗಣ ರೌಟರ್ ಕೊಂಡು, ಅಲ್ಲಿಂದ ಕೆಳಕ್ಕೆ ಸಾಮಾನ್ಯ ಗಣಕಜಾಲದ ಕೇಬಲ್ ಇಳಿಸುವುದು ಉತ್ತಮ. ಅದು 100 ಮೀಟರ್‌ವರೆಗೂ ನಷ್ಟವಿಲ್ಲದೆ ಸಾಗುತ್ತದೆ.

ರೌಟರ್ ಕೊಳ್ಳುವಾಗ ಎರಡು ಸಂಗತಿಗಳನ್ನು ವಿಚಾರಿಸದೆ ಹಣ ಕೊಡಬಾರದು. ಅದು ಯಾವುದೇ ಸಂಸ್ಥೆಯ ಸಿಮ್‌ಗೆ ತೆರೆದಿದೆಯೆ? ಸಂಸ್ಥೆಯೇ ಮಾರುವ ಉಪಕರಣಗಳು ಅದರದೇ ಸಿಮ್‌ಗೆ ಬೀಗಹಾಕಿದವಾಗಿರುವುದು ಸಾಮಾನ್ಯ. ಮುಂದೆ ಸಂಸ್ಥೆ ಬದಲಿಸಿದರೆ ಉಪಕರಣ ನಿರುಪಯುಕ್ತವಾಗುತ್ತದೆ. ಎರಡನೆಯದಾಗಿ, ಆ ಊರಿನ ಗೋಪುರ ಬಳಸುವ ಆವರ್ತನಪಟ್ಟಿಗಳೆಲ್ಲ ರೌಟರ್‌ನಲ್ಲಿವೆಯೆ? 700 ಅಥವಾ 850 ಮೆಗಾಹರ್ಟ್ಸ್‌ನಂತಹ ಕಡಿಮೆ ಆವರ್ತನದ ಅಲೆ ಹೆಚ್ಚು ದೂರ ಹೋಗುತ್ತದೆ, ಗೋಡೆಯನ್ನೂ ಭೇದಿಸುತ್ತದೆ. 2300 ಮೆಗಾಹರ್ಟ್ಸ್‌ನ ಅಲೆ ಹೆಚ್ಚು ವೇಗ ಕೊಟ್ಟರೂ ಬೇಗ ಸೋಲುತ್ತದೆ. ವಿದೇಶಕ್ಕೆಂದು ತಯಾರಾದ ಅಗ್ಗದ ಉಪಕರಣಗಳಲ್ಲಿ ಇಲ್ಲಿ ಬೇಕಾದ ಪಟ್ಟಿಯೇ ಇಲ್ಲದಿರಬಹುದು. ಹಳೆಯ ದಾಸ್ತಾನಿನ 3ಜಿ ಡಾಂಗಲ್‌ಗಳನ್ನಂತೂ ಯಾವ ಬೆಲೆಗೂ ಕೊಳ್ಳಬಾರದು. ಏರ್‌ಟೆಲ್ ಸಂಸ್ಥೆ ತನ್ನ 3ಜಿ ಜಾಲವನ್ನು 2020ರಲ್ಲಿಯೇ ಮುಚ್ಚಿತು, ಜಿಯೋ ಸಂಸ್ಥೆಗೆ ಅದು ಎಂದೂ ಇರಲಿಲ್ಲ.

‘ಸಿಗ್ನಲ್ ಬೂಸ್ಟರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ವರ್ಧಕಗಳ ವಿಷಯ ಬೇರೆ. ಇವು ಮೊಬೈಲ್ ಸಂಕೇತವನ್ನು ಹೀರಿ, ಹಿಗ್ಗಿಸಿ ಮತ್ತೆ ಪ್ರಸಾರ ಮಾಡುತ್ತವೆ. ಪರವಾನಗಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನಿಗೆ ವಿರುದ್ಧ. ಒಂದು ಮನೆಯ ವರ್ಧಕ ಇಡೀ ಊರಿನ ಗೋಪುರವನ್ನು ಕೆಡಿಸಬಲ್ಲದು ಎಂಬುದೇ ಈ ನಿಷೇಧಕ್ಕೆ ಕಾರಣ.

ಸ್ಥಿರ ನಿಸ್ತಂತು ಸಂಪರ್ಕ

5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಚಾಲನೆ ದೊರೆತ ಮೇಲೆ, ಮಾಳಿಗೆಯಲ್ಲಿ ಗ್ರಾಹಕ ಪೆಟ್ಟಿಗೆಯೊಂದನ್ನು ನಿಲ್ಲಿಸಿ ಮನೆಗೆ ಸಂಪರ್ಕ ಕೊಡುವ ಪದ್ಧತಿ ಬೆಳೆಯಿತು. ಜಿಯೋ ಸಂಸ್ಥೆಯ ‘ಏರ್‌ಫೈಬರ್’ 2023ರ ಸೆಪ್ಟೆಂಬರ್ 19ರಂದು ಆರಂಭವಾದ ಎಂಟು ನಗರಗಳಲ್ಲಿ ಪುಣೆಯೂ ಬೆಂಗಳೂರೂ ಸೇರಿದ್ದುವು. ನಗರದ ಅಂಚಿನಲ್ಲಿ ಫೈಬರ್‌ಗಾಗಿ ಕಾಯುತ್ತಿರುವ ಮನೆಗೆ ಇದು ಯೋಗ್ಯ ಪರಿಹಾರ. ಹೆಸರಿನಲ್ಲಿ ‘ಫೈಬರ್’ ಇದ್ದರೂ ಮನೆಗೆ ಬರುವುದು ರೇಡಿಯೋ ಅಲೆಯೇ. ತಿಂಗಳ ಬಳಕೆಯ ಮಿತಿ, ಅಳವಡಿಕೆಯ ಶುಲ್ಕ ಮತ್ತು ಕನಿಷ್ಠ ಅವಧಿಯನ್ನು ಮೊದಲೇ ಕೇಳಿ ತಿಳಿಯಬೇಕು.

ಘಟ್ಟದ ಕಡೆ ಹೆಚ್ಚು ಉಪಯುಕ್ತವಾದುದು ಇನ್ನೊಂದು ಬಗೆ. 5 ಗಿಗಾಹರ್ಟ್ಸ್ ಸುತ್ತಲಿನ ವಿಸ್ತಾರವಾದ ಪಟ್ಟಿಯನ್ನು ಸರ್ಕಾರ 2018ರಲ್ಲಿ ಪರವಾನಗಿಮುಕ್ತಗೊಳಿಸಿತು. ಫೈಬರ್ ಇರುವ ಊರಿನ ಎತ್ತರದ ಕಟ್ಟಡದಿಂದ ಹಲವು ಕಿ.ಮೀ. ದೂರದ ಮನೆಗೆ ಚಿಕ್ಕ ಬೋಗುಣಿಗಳ ಮೂಲಕ ಸಂಪರ್ಕ ಒಯ್ಯಲು ಇದರಿಂದ ಸಾಧ್ಯವಾಯಿತು. ಬಿಎಸ್‌ಎನ್‌ಎಲ್‌ನ ‘ಭಾರತ್ ಏರ್‌ಫೈಬರ್’ ಇದೇ ತತ್ತ್ವದ್ದು. ಸ್ಥಳೀಯ ಪಾಲುದಾರರ ಮೂಲಕ ಅದು ನಡೆಯುತ್ತದೆ.

ಇದಕ್ಕೆ ಅಗತ್ಯವಾದ ಒಂದೇ ನಿಬಂಧನೆ ನಿರಾತಂಕವಾದ ದೃಷ್ಟಿರೇಖೆ. ಕಣ್ಣಿಗೆ ಆ ತುದಿ ಕಂಡರಷ್ಟೇ ಸಾಲದು. ರೇಖೆಯ ಸುತ್ತಲೂ ಕೆಲವು ಮೀಟರ್ ಅವಕಾಶ ಖಾಲಿಯಿರಬೇಕು. ಏಪ್ರಿಲ್‌ನಲ್ಲಿ ಎಲೆಯುದುರಿದ ಸಾಗುವಾನಿ ಮರಗಳ ನಡುವೆ ಚೆನ್ನಾಗಿ ನಡೆದ ಸಂಪರ್ಕ ಜುಲೈನಲ್ಲಿ ಚಿಗುರಿದ, ನೆನೆದ ಎಲೆಗಳಿಗೆ ಸೋಲುತ್ತದೆ. ಆದುದರಿಂದ ಬೇಸಗೆಯಲ್ಲಿ ಅಳವಡಿಸುವವರು ಮಳೆಗಾಲದ ಮರವನ್ನು ಕಲ್ಪಿಸಿಕೊಂಡೇ ಕಂಬದ ಎತ್ತರವನ್ನು ನಿಶ್ಚಯಿಸಬೇಕು. ಐದಾರು ಮನೆಗಳು ಸೇರಿ ಕೇಳಿದರೆ ಪಾಲುದಾರರು ಬರುವ ಸಂಭವ ಹೆಚ್ಚು. ಒಂಟಿ ಮನೆಗಾಗಿ ಕಂಬ ನಿಲ್ಲಿಸಲು ಅವರು ಹಿಂಜರಿಯುವುದು ಸಹಜವೇ.

ಉಪಗ್ರಹ ಮಾರ್ಗ

ಯಾವ ಗೋಪುರವೂ ಕಾಣದ ಕಣಿವೆಗೆ ಆಕಾಶವೊಂದೇ ಉಳಿದ ದಾರಿ. ಪುಣೆಗೆ ಈ ಮಾರ್ಗ ಹೊಸತಲ್ಲ. ವಿದೇಶಗಳೊಡನೆ ಉಪಗ್ರಹ ಸಂಪರ್ಕಕ್ಕೆಂದು ಜಿಲ್ಲೆಯ ಆರ್ವಿಯಲ್ಲಿ ಭೂಕೇಂದ್ರ 1971ರಲ್ಲಿಯೇ ಕಾರ್ಯಾರಂಭ ಮಾಡಿತ್ತು. ಇಸ್ರೋ ಸಂಸ್ಥೆಯ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಉಪಗ್ರಹಗಳನ್ನು ಬಳಸಿ ಅಧಿಕ ಸಾಮರ್ಥ್ಯದ ಇಂಟರ್‌ನೆಟ್ ಸೇವೆ 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಹೆಚ್ಚು ಕಡಿಮೆ ಪುಣೆಯ ರೇಖಾಂಶದಲ್ಲಿಯೇ. ಹೀಗಾಗಿ ಪುಣೆಯ ಬೋಗುಣಿಯು ನೇರ ದಕ್ಷಿಣಕ್ಕೆ, ನೆತ್ತಿಯಿಂದ ಕೇವಲ 22 ಡಿಗ್ರಿಯಷ್ಟು ಬಾಗಿ ನೋಡುತ್ತದೆ. ಇಷ್ಟು ಎತ್ತರದ ನೋಟಕ್ಕೆ ಘಟ್ಟದ ಗುಡ್ಡಗಳು ಅಡ್ಡಬರುವುದು ಅಪರೂಪ. ಮನೆಯ ದಕ್ಷಿಣಕ್ಕಿರುವ ಮಾವಿನ ಮರವೇ ಹೆಚ್ಚಿನ ತೊಡಕು.

ಇದರ ದೋಷಗಳು ಎರಡು. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿದೆ. ಪ್ರಶ್ನೆ ಮೇಲೇರಿ ಇಳಿದು, ಉತ್ತರ ಮೇಲೇರಿ ಇಳಿಯಲು ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡಿನಷ್ಟು ಬೇಕು. ಯಾವ ಯಂತ್ರವೂ ಇದನ್ನು ಕಡಿಮೆ ಮಾಡಲಾರದು. ಎರಡನೆಯದು ಮಳೆ. ಉಪಗ್ರಹಗಳು ಬಳಸುವ ಉನ್ನತ ಆವರ್ತನದ ಅಲೆಗಳನ್ನು ಭಾರಿ ಮಳೆಹನಿಗಳು ಹೀರಿಕೊಳ್ಳುತ್ತವೆ. ಪುಣೆ ನಗರದ ವಾರ್ಷಿಕ ಮಳೆ ಸುಮಾರು 700 ಮಿ.ಮೀ.; ಲೋಣಾವಳದಲ್ಲಿ ಅದು 4,000 ಮಿ.ಮೀ. ದಾಟುವುದುಂಟು. ನಗರದಲ್ಲಿ ವರ್ಷಕ್ಕೆ ಕೆಲವೇ ಗಂಟೆ ಕಾಡುವ ಅಡಚಣೆ ಘಟ್ಟದಲ್ಲಿ ಜುಲೈ-ಆಗಸ್ಟ್‌ಗಳುದ್ದಕ್ಕೂ ಕಾಡಬಹುದು. 4ಜಿಯ ಅಲೆಗಳಿಗೆ ಮಳೆಹನಿಯಿಂದ ಇಷ್ಟು ಹಾನಿಯಿಲ್ಲವೆಂಬುದನ್ನು ಇಲ್ಲಿಯೇ ನೆನೆಯಬೇಕು. ಎರಡೂ ಲಭ್ಯವಿದ್ದರೆ ಸಾಧಾರಣ 4ಜಿ ಸಂಪರ್ಕವು ಉಪಗ್ರಹಕ್ಕಿಂತ ಮೇಲು.

ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಸಮೂಹಗಳಿಂದ ವಿಳಂಬದ ದೋಷ ಬಹುಮಟ್ಟಿಗೆ ನೀಗುತ್ತದೆ. ಅಂತಹ ಸಮೂಹವುಳ್ಳ ಸ್ಟಾರ್‌ಲಿಂಕ್ ಸಂಸ್ಥೆಗೆ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲಿ ದೊರೆಯಿತು. ಪರವಾನಗಿ ದೊರೆಯುವುದಕ್ಕೂ ಊರಿಗೆ ಸೇವೆ ಬರುವುದಕ್ಕೂ ಅಂತರವಿರುತ್ತದೆ. ಮುಂಗಡ ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿದ್ದು, ಸಂಸ್ಥೆಯಿಂದಲೇ ನೇರವಾಗಿ ಸೇವೆಯ ಲಭ್ಯತೆಯನ್ನು ಖಚಿತಪಡಿಸಿಕೊಳ್ಳಬೇಕು. ವಿದೇಶದಲ್ಲಿರುವ ಬಂಧುಗಳು ತಂದುಕೊಡುವ ಉಪಗ್ರಹ ಉಪಕರಣವನ್ನು ಇಲ್ಲಿ ಅನುಮತಿಯಿಲ್ಲದೆ ಚಾಲನೆ ಮಾಡುವುದು ಅಪರಾಧವಾಗುತ್ತದೆ.

ವಿದ್ಯುತ್ತಿನ ಪ್ರಶ್ನೆ

ಸಂಪರ್ಕದ ಚರ್ಚೆಯಲ್ಲಿ ಮರೆತುಹೋಗುವ ವಿಷಯವಿದು. ಸಾಮಾನ್ಯ ರೌಟರ್‌ಗೆ 12 ವೋಲ್ಟ್‌ನಲ್ಲಿ ಸುಮಾರು 12 ವಾಟ್ ಸಾಕು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆಯ ಶಕ್ತಿಯಿರುತ್ತದೆ. ಲೆಕ್ಕದ ಪ್ರಕಾರ 7 ಗಂಟೆ, ವ್ಯವಹಾರದಲ್ಲಿ ನಾಲ್ಕೈದು ಗಂಟೆ ಅದು ರೌಟರ್ ನಡೆಸೀತು. ಆದರೆ ಮನೆಯ ರೌಟರ್ ಉರಿಯುತ್ತಿದ್ದು ಗೋಪುರವೇ ಆರಿಹೋದರೆ ಪ್ರಯೋಜನವೇನು? ಕರೆಂಟ್ ಹೋದ ಎಷ್ಟು ಗಂಟೆಯವರೆಗೆ ಊರಿನಲ್ಲಿ ಸಂಕೇತ ನಿಲ್ಲುತ್ತದೆಂದು ಹಾಲಿನ ಸಂಘದವರನ್ನೋ ಶಾಲೆಯ ಉಪಾಧ್ಯಾಯರನ್ನೋ ಕೇಳಿದರೆ, ಯಾವ ಜಾಹೀರಾತೂ ಹೇಳದ ಉತ್ತರ ಸಿಗುತ್ತದೆ. ಗೋಪುರ ಒಂದೇ ಗಂಟೆ ನಿಲ್ಲುವುದಾದರೆ ದೊಡ್ಡ ಬ್ಯಾಟರಿ ಕೊಳ್ಳುವುದು ವ್ಯರ್ಥ. ಮಾಳಿಗೆಯ ಉಪಕರಣಕ್ಕೆ ಸಿಡಿಲಿನಿಂದ ರಕ್ಷಣೆ, ಸರಿಯಾದ ಭೂಸಂಪರ್ಕ ಘಟ್ಟದಲ್ಲಿ ಕಡ್ಡಾಯವೆಂದೇ ತಿಳಿಯಬೇಕು.

ವೆಚ್ಚ ಮತ್ತು ದೂರು

ಸುಂಕಗಳು ಮೇಲಿಂದ ಮೇಲೆ ಬದಲಾಗುವುದರಿಂದ ಮಾಸಿಕ ದರದ ಹೋಲಿಕೆಗಿಂತ ಮೂರು ವರ್ಷಗಳ ಒಟ್ಟು ವೆಚ್ಚದ ಹೋಲಿಕೆ ಸರಿಯಾದುದು. ಒಂದು ಊಹೆಯ ಲೆಕ್ಕವನ್ನು ನೋಡಬಹುದು: ಉಪಕರಣಕ್ಕೆ 4,000 ರೂಪಾಯಿ, ತಿಂಗಳಿಗೆ 300 ರೂಪಾಯಿ ಬೀಳುವ ಸಂಪರ್ಕಕ್ಕೆ ಮೂರು ವರ್ಷಕ್ಕೆ 14,800 ರೂಪಾಯಿ, ಉಪಕರಣ ಉಚಿತವಾಗಿದ್ದು ತಿಂಗಳಿಗೆ 600 ರೂಪಾಯಿ ಬೀಳುವ ಸಂಪರ್ಕಕ್ಕೆ 21,600 ರೂಪಾಯಿ. ‘ಉಚಿತ’ವೇ ದುಬಾರಿಯಾಯಿತು. ಜಾಹೀರಾತಿನ ದರಕ್ಕೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದನ್ನೂ ನೋಡಬೇಕು. ಮೊದಲ ತಿಂಗಳು ಅತ್ಯಂತ ಕಡಿಮೆ ಅವಧಿಯ ಯೋಜನೆಯನ್ನೇ ಪಡೆದು, ಸಾಧ್ಯವಾದರೆ ಆ ಪರೀಕ್ಷೆಯನ್ನು ಮಳೆಗಾಲದಲ್ಲಿಯೇ ನಡೆಸುವುದು ಕ್ಷೇಮ. ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದರೆ ದೊರೆಯುವ ರಿಯಾಯಿತಿ ಆಕರ್ಷಕವಾಗಿ ಕಂಡರೂ ಜಾಲ ಕೈಕೊಟ್ಟಾಗ ಆ ಹಣ ಹಿಂದಿರುಗುವುದು ಕಷ್ಟ.

ಸೇವೆಯಲ್ಲಿ ಕೊರತೆ ಕಂಡರೆ ಮೊದಲು ಸಂಸ್ಥೆಯ ದೂರು ಕೇಂದ್ರಕ್ಕೆ ತಿಳಿಸಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಈ ಸಂಖ್ಯೆಯಿಲ್ಲದ ದೂರು ಮುಂದೆ ಎಲ್ಲಿಯೂ ನಿಲ್ಲುವುದಿಲ್ಲ. ಪರಿಹಾರ ದೊರೆಯದಿದ್ದರೆ 2012ರ ನಿಯಮಾವಳಿಯ ಪ್ರಕಾರ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. 39 ದಿನಗಳೊಳಗೆ ಅದು ಇತ್ಯರ್ಥವಾಗತಕ್ಕದ್ದು. ಆ ಬಳಿಕ ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗಕ್ಕೂ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ತಿಳಿಸುವ ಅವಕಾಶವಿದೆ. ದೂರಸಂಪರ್ಕ ಸೇವೆಯ ವ್ಯಾಜ್ಯವನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ದಿನಾಂಕ ಮತ್ತು ವೇಳೆಯೊಡನೆ ಬರೆದಿಟ್ಟ ವೇಗದ ಅಳತೆಗಳು ಇಂತಹ ವಿಚಾರಣೆಯಲ್ಲಿ ಉತ್ತಮ ಪುರಾವೆಯಾಗುತ್ತವೆ.

ಊರಿಗೆ ಗೋಪುರವೇ ಇಲ್ಲದ ಸಂದರ್ಭದಲ್ಲಿ ಕುಟುಂಬವೊಂದರ ದೂರಿಗಿಂತ ಗ್ರಾಮಸಭೆಯ ನಿರ್ಣಯಕ್ಕೆ ತೂಕ ಹೆಚ್ಚು. ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಒದಗಿಸಲು 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಅದರ ಅನುಷ್ಠಾನದ ಹೊಣೆ ಬಿಎಸ್‌ಎನ್‌ಎಲ್‌ನದು. ನಿರ್ಣಯದ ಪ್ರತಿಯಲ್ಲಿ ವಾಡಿಯ ಹೆಸರು, ಮನೆಗಳ ಸಂಖ್ಯೆ, ಸಮೀಪದ ಗೋಪುರದ ದೂರ ಹಾಗೂ ಗೋಪುರಕ್ಕೆ ಕೊಡಬಹುದಾದ ಸರ್ಕಾರಿ ಜಾಗದ ವಿವರವನ್ನು ಸೇರಿಸಿ, ಜಿಲ್ಲಾಧಿಕಾರಿಗಳ ಕಚೇರಿಗೂ ಬಿಎಸ್‌ಎನ್‌ಎಲ್‌ನ ಜಿಲ್ಲಾ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.